ಕೆಂಪು ದಾರದ ಗಾಂಧಾರ

ಎರಡನೆಯ ದಾರ ಮಾತ್ರ ಕೆಂಪು. ಮೊದಲನೆಯದೂ ಮೂರನೆಯದೂ ಬಿಳಿ ನೂಲಿನವು, ಬೆರಳಿನ ಬೆವರು ಕುಡಿದು ಗೋಧಿಬಣ್ಣಕ್ಕೆ ತಿರುಗಿದ್ದವು. ಕೆಂಪಿನದು ರೇಷ್ಮೆ. ಪಿಟೀಲಿನ ಕತ್ತಿಗೆ ಎರಡು ಸುತ್ತು ಬಳಸಿ, ಹೆಬ್ಬೆರಳು ತಾಗುವ ಕಡೆ ಗಂಟು ಹಾಕಿತ್ತು. ಆ ಗಂಟು ಎಷ್ಟು ಸಣ್ಣದೆಂದರೆ ಕಣ್ಣಿಗೆ ಕಾಣುತ್ತಿರಲಿಲ್ಲ. ಉಗುರಿನಿಂದ ಸವರಿದರೆ ಮಾತ್ರ ಇದೆಯೆಂದು ತಿಳಿಯುತ್ತಿತ್ತು. ದಾರದ ಪಕ್ಕದಲ್ಲೇ, ತಂತಿಯ ಕೆಳಗೆ, ಕರಿಮರ ಸವೆದು ಸಣ್ಣದೊಂದು ತಗ್ಗು ಬಿದ್ದಿತ್ತು. ನನ್ನ ನಡುಬೆರಳು ತಾನಾಗಿ ಹೋಗಿ ಆ ತಗ್ಗಿನಲ್ಲಿ ಕೂರುತ್ತಿತ್ತು. ಅದನ್ನು ನಾನು ಅಲ್ಲಿಗೆ ಕಳಿಸಬೇಕಾಗಿರಲಿಲ್ಲ.

ಪಿಟೀಲು ನನ್ನ ಚಿಕ್ಕವ್ವನದು, ಎಂದರೆ ಅವ್ವನ ತಂಗಿಯದು. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ಮೊಳಕಾಲ್ಮೂರಿನ ತವರಿಗೆ ಹಿಂದಿರುಗಿದವಳು ಅವಳು. ವ್ಯಾಪಾರಕ್ಕೆಂದು ಬಳ್ಳಾರಿಗೆ ಹೋಗಿಬರುತ್ತಿದ್ದ ತಾತ ಒಂದು ಸಲ ಬರುವಾಗ ಈ ಪಿಟೀಲನ್ನು ತಂದರಂತೆ. ಗಂಡ ಸತ್ತ ಮಗಳಿಗೆ ಪಿಟೀಲು ಯಾಕೆ ಎಂದು ಕೇಳಿದವರಿಗೆ ಅವರು ಏನು ಉತ್ತರ ಕೊಟ್ಟರೋ ನನಗೆ ಗೊತ್ತಿಲ್ಲ. ಮನೆಯಲ್ಲಿ ಯಾರೂ ಆ ಮಾತನ್ನು ಎತ್ತುತ್ತಿರಲಿಲ್ಲ. ಒಂದು ಬೇಸಿಗೆ ಊರಿನ ಮಠದಲ್ಲಿ ಉಳಿದುಕೊಂಡಿದ್ದ ವಿದ್ವಾಂಸರೊಬ್ಬರು ಅವಳಿಗೆ ಸರಳೆ ವರಸೆ ಹೇಳಿಕೊಟ್ಟರು. ಬೆರಳಿಡುವ ಜಾಗ ತಪ್ಪದಿರಲೆಂದು ಪಿಟೀಲಿನ ಕತ್ತಿಗೆ ಮೂರು ದಾರ ಕಟ್ಟಿದರು. ಮೊದಲನೆಯದು ರಿಷಭಕ್ಕೆ, ಎರಡನೆಯದು ಗಾಂಧಾರಕ್ಕೆ, ಮೂರನೆಯದು ಮಧ್ಯಮಕ್ಕೆ. ಮಳೆಗಾಲಕ್ಕೆ ಮುಂಚೆ ಅವರು ಹೊರಟುಹೋದರು. ಚಿಕ್ಕವ್ವನ ಪಾಠ ಅಷ್ಟೇ. ಉಳಿದ ವರ್ಷಗಳೆಲ್ಲ ಸಾಧನೆ.

ಬೇಸಿಗೆ ರಜೆಗೆ ನಾನು ಚಳ್ಳಕೆರೆಯಿಂದ ಅಜ್ಜಿಮನೆಗೆ ಹೋಗುತ್ತಿದ್ದೆ. ಚಿಕ್ಕವ್ವನ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಅದರ ಒಂದು ಗೋಡೆ ಪಕ್ಕದ ಮನೆಗೂ ಗೋಡೆಯೇ. ಅದರ ಆಚೆ ಒಂದು ಮಗ್ಗ. ಗಂಡನಿಗೆ ಕಣ್ಣು ಮಂಜಾದ ಮೇಲೆ ಆ ಮನೆಯಾಕೆ ತಾನೇ ಮಗ್ಗದ ಗುಂಡಿಗೆ ಇಳಿದು ರೇಷ್ಮೆ ಸೀರೆ ನೇಯುತ್ತಿದ್ದಳು. ಬೆಳಿಗ್ಗೆ ಚಿಕ್ಕವ್ವ ಶ್ರುತಿ ಮಾಡಿಕೊಳ್ಳುವ ಹೊತ್ತಿಗೆ ಆಚೆ ಲಾಳಿ ಓಡಲು ಶುರುವಾಗುತ್ತಿತ್ತು. ಗೋಡೆಯ ಮೇಲೆ, ತೊಲೆ ಹಾಯ್ದ ಕಡೆ, ಕೈಯಗಲದ ಸಂದಿತ್ತು. ಅದರ ಮೂಲಕ ಅವರಿಬ್ಬರೂ ಮಾತಾಡಿಕೊಳ್ಳುತ್ತಿದ್ದರು. ಎದುರು ಬದುರು ಕುಳಿತು ಮಾತಾಡಿದ್ದಕ್ಕಿಂತ ಹಾಗೆ ಮಾತಾಡಿದ್ದೇ ಹೆಚ್ಚು ಎಂದು ಕಾಣುತ್ತದೆ.

ನನಗೆ ಕಮಾನು ಹಿಡಿಯಲು ಕಲಿಸಿದ ವರ್ಷ ನಾನು ಅವಳನ್ನು ಕೇಳಿದ್ದೆ.

“ದಿನಾ ಎಷ್ಟು ಹೊತ್ತು ನುಡಿಸ್ಬೇಕು ಚಿಕ್ಕವ್ವ?”

“ಆಚೆ ಮಗ್ಗ ನಿಲ್ಲೋ ತನಕ.”

“ಅದು ನಿಲ್ದೇ ಇದ್ರೆ?”

“ನಿಲ್ತೈತೆ. ಅವರಿಗೂ ಹೊಟ್ಟೆ ಅನ್ನೋದು ಐತೆ.”

“ನಮ್ಮ ಹೊಟ್ಟೆ ಸುದ್ದಿ ನಿಮಗ್ಯಾಕ್ರೀ ಬೆಳ್‌ಬೆಳಿಗ್ಗೇನೇ?” ಎಂದು ಸಂದಿನಿಂದ ಉತ್ತರ ಬಂತು. ಚಿಕ್ಕವ್ವ ನಕ್ಕಳು. ಅವಳು ನಗುವಾಗ ಪಿಟೀಲು ಗಲ್ಲದ ಕೆಳಗೇ ಇರುತ್ತಿತ್ತು. ನಗು ಅದರ ಹೊಟ್ಟೆಯೊಳಗೂ ಸ್ವಲ್ಪ ಕೇಳಿಸುತ್ತಿತ್ತು.

ಅವಳು ಹೋದಾಗ ನಾನು ಮೈಸೂರಿನಲ್ಲಿ ಓದುತ್ತಿದ್ದೆ. ಆ ವರ್ಷ ಊರೂರಿಗೂ ಜ್ವರ ಬಂದಿತ್ತು. ಯಾರೂ ಎಲ್ಲಿಂದ ಎಲ್ಲಿಗೂ ಹೋಗಬಾರದು ಎನ್ನುವಂತಿತ್ತು. ಸುದ್ದಿ ನನ್ನನ್ನು ಮುಟ್ಟುವ ಹೊತ್ತಿಗೆ ಅವಳನ್ನು ಮಣ್ಣು ಮಾಡಿ ಬಹಳ ದಿನಗಳಾಗಿದ್ದವು. ಹಾಸ್ಟೆಲಿನ ಹುಡುಗಿಯರು ನನ್ನ ಮುಖ ನೋಡಿ ಏನಾಯಿತೆಂದು ಕೇಳಿದರು. ಏನಿಲ್ಲ ಎಂದೆ. ನಾನು ಅವಳ ಮುಖವನ್ನೂ ನೋಡಲಿಲ್ಲ, ಮಣ್ಣನ್ನೂ ಹಾಕಲಿಲ್ಲ. ಅದರಿಂದಲೇ ಇರಬೇಕು, ನನ್ನ ಮಟ್ಟಿಗೆ ಅವಳು ಸತ್ತದ್ದು ಒಂದು ಮಾತು ಮಾತ್ರ. ಕೋಣೆಯಲ್ಲಿ ಕೂತಿರುವವಳು ಎದ್ದು ಹೋದದ್ದನ್ನು ನಾನು ಕಂಡಿರಲಿಲ್ಲ.

ಬಿ.ಎ. ಮುಗಿಸಿ ಚಳ್ಳಕೆರೆಗೆ ಹಿಂದಿರುಗಿದಾಗ ಪಿಟೀಲಿನ ಪೆಟ್ಟಿಗೆ ನನ್ನ ಕೋಣೆಗೆ ಬಂದಿತ್ತು. ಅಜ್ಜಿ ಕಳಿಸಿದ್ದಳು. ಮುಂದೇನು ಎಂಬ ಮಾತು ಮನೆಯಲ್ಲಿ ಆಗಾಗ ಬರುತ್ತಿತ್ತು. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ನನಗೆ ಬೇಕಾಗಿದ್ದದ್ದು ಪಿಟೀಲನ್ನು ಸರಿಯಾಗಿ ಕಲಿಯುವುದು. ಹೊತ್ತು ಕಳೆಯುವುದಕ್ಕಲ್ಲ, ಮದುವೆ ಮಾತಿಗೆ ಬಂದವರ ಎದುರು ನುಡಿಸುವುದಕ್ಕೂ ಅಲ್ಲ. ಬೇರೆ ಯಾವುದನ್ನೂ ನಾನು ಅಷ್ಟು ಬಯಸಿರಲಿಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಚಳ್ಳಕೆರೆಯ ಮನೆಯ ಪಕ್ಕದಲ್ಲಿ ಮಗ್ಗವಿರಲಿಲ್ಲ. ಅತ್ತ ಕಂಬಳಿ ಮಾರುವವರ ಓಣಿ, ಇತ್ತ ನಮ್ಮದೇ ಉಗ್ರಾಣ. ಯಾವಾಗ ನಿಲ್ಲಿಸಬೇಕೆಂದು ಹೇಳುವವರು ಯಾರೂ ಇಲ್ಲದೆ ನಾನೇ ಎರಡು ತಾಸು ಎಂದು ಗೊತ್ತುಮಾಡಿಕೊಂಡೆ. ಬೆಳಿಗ್ಗೆ ಸ್ನಾನ ಮುಗಿಸಿ, ಬಾಗಿಲಿಗೆ ಬೆನ್ನು ಮಾಡಿ ಕೂತು, ಅವಳು ಕಲಿಸಿದ್ದನ್ನೇ ನುಡಿಸುತ್ತಿದ್ದೆ. ನಾಗಾ ಮಾಡಲಿಲ್ಲ.

ಸ್ವಲ್ಪ ದಿನಗಳಲ್ಲಿ ಒಂದು ವಿಷಯ ಗಮನಕ್ಕೆ ಬಂತು. ಆ ಹೊತ್ತಿನಲ್ಲಿ ಅವ್ವ ಜೋಳ ಕೇರುವ ಮೊರ ಹಿಡಿದು ನನ್ನ ಬಾಗಿಲ ಹೊರಗೆ ಕೂರುತ್ತಿದ್ದಳು. ಮೊದಲು ಆ ಕೆಲಸ ಹಿತ್ತಲಲ್ಲಿ ನಡೆಯುತ್ತಿತ್ತು. ನಾನು ಸ್ವರ ಏರಿಸುತ್ತ ಗಾಂಧಾರಕ್ಕೆ ಬಂದಾಗ ಮೊರದ ಸದ್ದು ನಿಲ್ಲುತ್ತಿತ್ತು. ಮಧ್ಯಮಕ್ಕೆ ಹೋದ ಮೇಲೆ ಮತ್ತೆ ಶುರುವಾಗುತ್ತಿತ್ತು.

ಆ ಗಾಂಧಾರದಲ್ಲಿ ಏನೋ ಇತ್ತು. ಏರುವಾಗ ಅದು ಪೂರ್ತಿ ಏರುತ್ತಿರಲಿಲ್ಲ, ಒಂದಿಷ್ಟು ಕೆಳಗೇ ಉಳಿಯುತ್ತಿತ್ತು. ಹೊಸಿಲ ಮೇಲೆ ಕಾಲಿಟ್ಟವಳು ಒಳಗೂ ಬಾರದೆ ಹೊರಗೂ ಹೋಗದೆ ನಿಂತುಬಿಟ್ಟಂತೆ. ಅದು ಚಿಕ್ಕವ್ವನ ಗಾಂಧಾರ. ನಾನು ಬೇರೆ ಯಾರ ಪಿಟೀಲಿನಲ್ಲಿಯೂ ಅದನ್ನು ಕೇಳಿರಲಿಲ್ಲ. ಅದು ಅವಳ ದುಃಖ ಎಂದು ನಾನು ತಿಳಿದಿದ್ದೆ. ಅವಳು ಬಾಯಿಬಿಟ್ಟು ಹೇಳದೆ ಇದ್ದದ್ದನ್ನು ಅಲ್ಲಿ ಇಟ್ಟುಹೋಗಿದ್ದಾಳೆ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಅವ್ವ ಬಾಗಿಲ ಒಳಗೇ ಬಂದು ನನ್ನ ಎಡಗೈಯನ್ನು ನೋಡುತ್ತ ನಿಂತಳು.

“ಅವಳ ಕೈ” ಎಂದಳು.

ಅವ್ವ ಅತ್ತ ಹೋದ ಮೇಲೆ ನಾನು ಕನ್ನಡಿಯ ಎದುರು ಪಿಟೀಲು ಹಿಡಿದು ನಿಂತೆ. ನಡುಬೆರಳು ಮಡಚುವ ರೀತಿ, ತುದಿ ಸ್ವಲ್ಪ ಹಿಂದಕ್ಕೆ ವಾಲುವ ರೀತಿ, ನನ್ನದಾಗಿರಲಿಲ್ಲ. ಕನ್ನಡಿಯಲ್ಲಿ ಮುಖ ನನ್ನದು, ಬೆರಳು ಬೇರೊಬ್ಬಳದು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅದು ಹೋಗಲಿ ಎಂದೂ ಅನಿಸಲಿಲ್ಲ.

ಆ ಚಳಿಗಾಲದಲ್ಲಿ ನಮ್ಮ ಊರಿಗೆ ಒಬ್ಬ ಮೇಷ್ಟ್ರು ಬಂದರು. ನಾಟಕದ ಕಂಪನಿಯಲ್ಲಿ ಬಹಳ ವರ್ಷ ಪಿಟೀಲು ನುಡಿಸಿ, ವಯಸ್ಸಾದ ಮೇಲೆ ಮಗಳ ಮನೆಯಲ್ಲಿ ಉಳಿಯಲು ಬಂದವರು. ಅವ್ವನೇ ವಿಚಾರಿಸಿ ನನ್ನನ್ನು ಅವರ ಹತ್ತಿರ ಕಳಿಸಿದಳು. ನಡುಮನೆಯ ಚಾಪೆಯ ಮೇಲೆ ಅವರು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು.

“ನುಡಿಸಮ್ಮಾ. ಎದುರಿಗೆ ಯಾರೂ ಇಲ್ಲ ಅಂದ್ಕೋ. ಕಂಪನೀಲಿ ನಾವು ಎಷ್ಟೋ ರಾತ್ರಿ ಹಂಗೇ ನುಡಿಸಿದ್ವಿ, ನಿಜವಾಗ್ಲೂ ಯಾರೂ ಇರ್ತಿರಲಿಲ್ಲ.”

ನುಡಿಸಿದೆ. ಗಾಂಧಾರ ಬಂದಾಗ ಅವರು ಎಲೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು.

“ಮತ್ತೊಂದು ಸಲ.”

ಮತ್ತೆ ನುಡಿಸಿದೆ.

“ಯಾರು ಹೇಳಿಕೊಟ್ಟಿದ್ದು?”

“ನಮ್ಮ ಚಿಕ್ಕವ್ವ.”

“ಅವರನ್ನ ಒಂದಿನ ಕರಕೊಂಡು ಬಾ. ಅವರಿಗೂ ಒಂದು ಮಾತು ಹೇಳೋದೈತೆ.”

“ಅವರು ಈಗಿಲ್ಲ.”

ಮೇಷ್ಟ್ರು ಎಲೆಯನ್ನು ತಟ್ಟೆಯಲ್ಲಿಟ್ಟರು. “ದಿನಾ ಎಷ್ಟು ಹೊತ್ತು ಸಾಧನೆ ಮಾಡ್ತೀಯಾ?” ಎಂದು ಕೇಳಿದರು.

“ಎರಡು ತಾಸು” ಎಂದೆ. ಆ ಮಾತು ಹೇಳುವಾಗ ನನ್ನ ಬೆನ್ನು ಸ್ವಲ್ಪ ನೆಟ್ಟಗಾಗಿರಬೇಕು.

“ಅದಕ್ಕೇ ಇಷ್ಟು ಚೆನ್ನಾಗಿ ಕೆಟ್ಟೈತೆ. ಕಾಲು ತಾಸು ಮಾಡಿದ್ದಿದ್ರೆ ಇಷ್ಟು ಗಟ್ಟಿ ಆಗ್ತಿರಲಿಲ್ಲ.”

ಒಳಗಿನಿಂದ ಅವರ ಮಗಳು, “ಅಪ್ಪಾ, ಓದಿದ ಹುಡುಗಿ, ಒಂದಿಷ್ಟು ಮೆತ್ತಗೆ ಮಾತಾಡು” ಎಂದಳು.

“ಓದಿದೋಳು ಅಂತಲೇ ನಿಜ ಹೇಳ್ತಿರೋದು. ಇಲ್ಲಾಂದ್ರೆ ಬಲೇ ಚೆನ್ನಾಗೈತಮ್ಮಾ ಅಂತ ಹೇಳಿ, ಎಲೆ ಅಡಿಕೆ ಕೊಟ್ಟು ಕಳಿಸ್ತಿದ್ದೆ.”

ಅವರು ಪಿಟೀಲನ್ನು ತೆಗೆದುಕೊಂಡು ಕೆಂಪು ದಾರವನ್ನು ನೋಡಿದರು. ತಮ್ಮ ಬೆರಳನ್ನು ದಾರದ ಮೇಲಿಡದೆ ಅದರ ಮುಂದೆ, ಒಂದು ಜೋಳದ ಕಾಳಿನಷ್ಟು ಮುಂದೆ ಇಟ್ಟು ಕಮಾನು ಎಳೆದರು. ಪಿಟೀಲಿನ ಹೊಟ್ಟೆ ಅಗಲವಾಗಿ ತೆರೆದುಕೊಂಡಂತಾಯಿತು. ಮುಟ್ಟದೆ ಬಿಟ್ಟಿದ್ದ ತಂತಿಗಳೂ ಅದರ ಜೊತೆಗೆ ಮೆಲ್ಲಗೆ ಮಿಡಿದವು. ಈ ಮರದೊಳಗೆ ಆ ನಾದವಿದೆ ಎಂದು ನನಗೆ ಗೊತ್ತಿರಲಿಲ್ಲ. ಚಿಕ್ಕವ್ವನೂ ಅದನ್ನು ಕೇಳದೆ ಹೋದಳಲ್ಲ ಎಂದುಕೊಂಡೆ.

“ಈ ದಾರ ತೆಗಿ” ಎಂದರು ಮೇಷ್ಟ್ರು. “ಬೆರಳು ಹಳೇ ಜಾಗಕ್ಕೆ ಹೋದ ತಕ್ಷಣ ಕಮಾನು ಎತ್ತಿಬಿಡು. ತಪ್ಪು ಸ್ವರಾನ ಪೂರ್ತಿ ಕೇಳಿಸ್ಕೋಬ್ಯಾಡ. ಕಿವಿ ಅದಕ್ಕೆ ಸೋತೈತೆ.”

“ಹಾಗಾದರೆ ದಿನಾ ಎಷ್ಟು ಹೊತ್ತು ಮಾಡಲಿ?”

“ತಪ್ಪದಂಗೆ ಎಷ್ಟು ಹೊತ್ತಾಗುತ್ತೋ ಅಷ್ಟು. ಅರ್ಧ ತಾಸು ಆದ್ರೆ ದೊಡ್ಡದು. ಮನಸ್ಸು ಆಚೆ ಹೋಯ್ತು ಅಂದ್ರೆ ಪೆಟ್ಟಿಗೆ ಮುಚ್ಚು. ಆಮೇಲೆ ನುಡಿಸೋದು ನೀನಲ್ಲ, ನಿನ್ನ ಅಭ್ಯಾಸ.”

ಬಾಗಿಲ ತನಕ ಬಂದು ಇನ್ನೊಂದು ಮಾತು ಹೇಳಿದರು. “ಆ ದಾರ ಇರೋ ತನಕ ನನ್ನ ಹತ್ರ ಬರಬ್ಯಾಡಮ್ಮಾ. ಬೈಯ್ತಿಲ್ಲ. ನಾನು ಒಂದು ಕಡೆ ಎಳೆದು, ಅದು ಒಂದು ಕಡೆ ಎಳೆದ್ರೆ ನಿನಗೇ ಕಷ್ಟ.”

ಮನೆಗೆ ಬಂದು ದಾರ ತೆಗೆಯಲಿಲ್ಲ. ಮರುದಿನದ ಸಾಧನೆಯಲ್ಲಿ ಬೆರಳನ್ನು ಮಾತ್ರ ಅದರ ಮುಂದಕ್ಕೆ ಸರಿಸಿ ನುಡಿಸಿದೆ. ಒಮ್ಮೆ ಸರಿ ಬಂತು. ಇನ್ನೊಮ್ಮೆಯೂ ಬಂತು. ಹೊರಗೆ ಮೊರದ ಸದ್ದು ಗಾಂಧಾರಕ್ಕೆ ನಿಲ್ಲದೆ ಮುಂದುವರಿಯಿತು. ಆಮೇಲೆ ಪೂರ್ತಿ ನಿಂತಿತು. ಅವ್ವ ಬಾಗಿಲಿಗೆ ಬಂದಳು.

“ಯಾಕೆ, ಇವತ್ತು ಬ್ಯಾರೆ ಯಾರೋ ನುಡಿಸಿದಂಗೈತೆ?”

“ಮೇಷ್ಟ್ರು ಹೇಳಿಕೊಟ್ಟದ್ದವ್ವ. ಹಿಂಗೇ ಸರಿಯಂತೆ.”

“ಸರಿ ಇರಬೋದು” ಎಂದಳು. ಮೊರದಲ್ಲಿ ಅಂಟಿದ್ದ ಹೊಟ್ಟನ್ನು ಬೆರಳಿನಿಂದ ಕೆರೆಯುತ್ತ ನಿಂತಿದ್ದಳು. “ಹಂಗಾರೆ ಅವಳ್ದು ಹೋತಾ?”

ಅವ್ವ ಅಂದು ಹಿತ್ತಲಿಗೆ ಹೋಗಿ ಕೂತಳು. ಮಾರನೆಯ ದಿನ ನಾನು ಬೆರಳನ್ನು ಹಳೆಯ ತಗ್ಗಿಗೇ ಬಿಟ್ಟೆ. ಮೊರ ಬಾಗಿಲ ಹತ್ತಿರಕ್ಕೆ ಮರಳಿತು. ಮೇಷ್ಟ್ರ ಮನೆಗೆ ನಾನು ಹೋಗಲಿಲ್ಲ.

ಕಲಿಯಬೇಕಾದರೆ ಅವಳನ್ನು ಅಳಿಸಬೇಕಾಗಿತ್ತು. ಅವಳನ್ನು ಉಳಿಸಿಕೊಳ್ಳಬೇಕಾದರೆ ಕಲಿಯುವುದನ್ನು ಬಿಡಬೇಕಾಗಿತ್ತು. ನಾನು ಎರಡನ್ನೂ ಮಾಡದೆ ಪ್ರತಿ ಬೆಳಿಗ್ಗೆ ತಪ್ಪನ್ನು ಇನ್ನಷ್ಟು ಗಟ್ಟಿ ಮಾಡುತ್ತ ಕೂತಿದ್ದೆ. ಈಗ ಅದು ತಪ್ಪೆಂದು ನನ್ನ ಕಿವಿಗೆ ಗೊತ್ತಾಗಿತ್ತು. ಅದೇ ಹೊಸ ಕಷ್ಟ. ಗೊತ್ತಿದ್ದೂ ನುಡಿಸುವಾಗ ನನ್ನ ಬೆನ್ನ ಹಿಂದೆ ಯಾರೋ ಉಸಿರು ಹಿಡಿದು ಕೂತಿದ್ದಾರೆ ಎನಿಸುತ್ತಿತ್ತು. ತಿರುಗಿ ನೋಡುವ ಅಭ್ಯಾಸ ನನ್ನದಲ್ಲ, ನೋಡಲಿಲ್ಲ.

ಚಿಕ್ಕವ್ವನ ಹೆಸರಿನಲ್ಲಿ ವರ್ಷದ ಎಡೆ ಇಡುವುದಕ್ಕೆ ಅವ್ವನೂ ನಾನೂ ಮೊಳಕಾಲ್ಮೂರಿಗೆ ಹೋದೆವು. ಬಳ್ಳಾರಿ ರಸ್ತೆಯ ಮೋಟಾರಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದೆ. ಮೋಟಾರಿಳಿದು ಗಾಡಿಯಲ್ಲಿ ಹೋಗುವಾಗ ಗುಂಡುಕಲ್ಲುಗಳ ಬೆಟ್ಟ ಕಾಣಿಸಿತು. ಅಜ್ಜಿ ನಮ್ಮ ಕಾಲಿಗೆ ನೀರು ಕೊಡುವುದಕ್ಕೆ ಮೊದಲೇ “ಪೆಟ್ಟಿಗೆ ತಂದೀಯಾ?” ಎಂದು ಕೇಳಿದಳು.

ಎಡೆ ಇಟ್ಟು ಊಟವಾದ ಮೇಲೆ ಅಜ್ಜಿ ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದಳು. ಸೋದರಮಾವನ ಮನೆಯವರು ಅಲ್ಲಿ ಕಾಳಿನ ಚೀಲಗಳನ್ನು ಇಡಲು ಶುರುಮಾಡಿದ್ದರು. ಆದರೆ ಗೋಡೆಯ ಪಕ್ಕ ಚಾಪೆಯಗಲದ ಜಾಗ ಖಾಲಿ ಬಿಟ್ಟಿದ್ದರು. ಬಿಡಿ ಎಂದು ಯಾರಾದರೂ ಹೇಳಿದ್ದರೋ, ತಾವಾಗಿ ಬಿಟ್ಟಿದ್ದರೋ. ಆ ಜಾಗದ ಮೇಲೆ, ಸುಣ್ಣದ ಗೋಡೆಯಲ್ಲಿ, ಎಣ್ಣೆಯ ಕಲೆ ಇತ್ತು. ಕೂತವಳ ತಲೆ ಒರಗುವ ಎತ್ತರ. ನಾನು ಅಲ್ಲಿ ಕೂತೆ. ನನ್ನ ತಲೆಯೂ ಸರಿಯಾಗಿ ಆ ಕಲೆಯ ಮಟ್ಟಕ್ಕೇ ಬಂತು.

“ನುಡಿಸು, ಅವಳು ನುಡಿಸಿದಂಗೆ” ಎಂದಳು ಅಜ್ಜಿ. ಅವ್ವ ಚೀಲಕ್ಕೆ ಒರಗಿ ಕೂತಳು.

ಆಚೆ ಮಗ್ಗ ನಡೆಯುತ್ತಿತ್ತು. ನಾನು ಸರಳೆ ವರಸೆ ಶುರುಮಾಡಿದೆ. ಬೆರಳು ತಗ್ಗಿಗೆ ಹೋಯಿತು. ಗಾಂಧಾರ ಬಂದದ್ದೇ ತಡ, ಲಾಳಿಯ ಸದ್ದು ಅರ್ಧಕ್ಕೆ ನಿಂತಿತು. ಆಮೇಲೆ ಸಂದಿನಿಂದ, ಬಹಳ ಮೆಲ್ಲಗೆ, “ಅಮ್ಮಯ್ಯಾ?” ಎಂದಿತು.

ಚಿಕ್ಕವ್ವನನ್ನು ಆಕೆ ಹಾಗೆ ಕರೆಯುತ್ತಿದ್ದಳು.

ನಮ್ಮಲ್ಲಿ ಯಾರೂ ಓ ಎನ್ನಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಆಕೆಯೇ ಹಿತ್ತಲ ಬಾಗಿಲಿನಿಂದ ಸುತ್ತಿ ಬಂದು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಸೆರಗಿಗೆ ರೇಷ್ಮೆಯ ಎಳೆಗಳು ಅಂಟಿದ್ದವು.

“ಅಯ್ಯೋ ದೇವುಡಾ, ನೀನಾ ಅಮ್ಮಾಯಿ? ಎದೆ ಝಲ್ ಅಂತು. ಅವರೇ ಬಂದು ಕುಂತವ್ರೇನೋ ಅಂತ ಲಾಳಿ ಕೈಯಾಗೇ ನಿಂತುಬಿಡ್ತು.”

“ಅವಳು ಬಂದಿದ್ರೆ ಇಲ್ಲಿ ಯಾಕೆ ಕೂರ್ತಿದ್ಲು?” ಎಂದಳು ಅಜ್ಜಿ. “ನಿನ್ನ ಚಟ್ನಿಪುಡಿ ಡಬ್ಬಿ ಹುಡುಕ್ಕೊಂಡು ಮೊದ್ಲು ನಿನ್ನ ಮನೆಗೇ ನುಗ್ತಿದ್ಲು.”

ಇಬ್ಬರೂ ನಕ್ಕರು. ಆಕೆ ಕಣ್ಣೊರೆಸಿಕೊಂಡು ನನ್ನ ಎದುರು ಕೂತು, ಪಿಟೀಲಿನ ಕತ್ತನ್ನು ಹಿಡಿದು ನೋಡಿದಳು. ಕೆಂಪು ದಾರವನ್ನು ಉಗುರಿನಿಂದ ಮೀಟಿದಳು.

“ಇನ್ನೂ ಐತೆ! ಇದು ನಾನು ಕಟ್ಟಿದ್ದು.”

“ನೀವಾ?” ಎಂದೆ. ಮೂರು ದಾರಗಳನ್ನೂ ಆ ವಿದ್ವಾಂಸರೇ ಕಟ್ಟಿದ್ದು ಎಂದು ನಾನು ತಿಳಿದಿದ್ದೆ.

“ಮತ್ತಿನ್ಯಾರು? ಇಲ್ಲಿ ಮೊದ್ಲು ಬಿಳೀದೇ ಇತ್ತು, ಹರಿದುಬಿತ್ತು. ಮಠದ ಅಯ್ಯೋರು ಊರು ಬಿಟ್ಟಿದ್ರು ಆಗ್ಲೇ. ಅಮ್ಮಯ್ಯ ದಾರ ಕೇಳಾಕೆ ಬಂದ್ರು. ನೀವು ಕಟ್ಟಿದ್ರೆ ಜಾರ್ತೈತೆ, ಇತ್ಲಾಗೆ ಕೊಡ್ರಿ ಅಂದೆ. ಸೀರೆ ಅಂಚಿಂದು ಕೆಂಪು ಎಳೆ ಇತ್ತು. ನೋಡ್ತೀನಿ, ಹಳೇದ್ರ ಗುರ್ತು ಮೂರನೇ ದಾರಕ್ಕೆ ಮೈ ಅಂಟಿಸ್ಕೊಂಡಂಗೆ ಐತೆ, ಈ ಕಡೆ ನೋಡಿದ್ರೆ ಇಷ್ಟಗಲ ಬಯಲು! ಹಂಗೆ ಬಿಡಾಕಾಗ್ತೈತಾ? ಹಣಿಗೇನಾಗೆ ಎಳೆ ಹಂಗೆ ಒತ್ತಿಕೊಂಡ್ರೆ ಸೀರೆ ತುಂಬ ಗೆರೆ ಬೀಳ್ತೈತೆ. ಒಂಚೂರು ಈ ಕಡೆ ಸರಿಸಿ ಕಟ್ಟಿಕೊಟ್ಟೆ.”

ಹಣಿಗೆ ಎಂದರೆ ಮಗ್ಗದಲ್ಲಿ ಎಳೆಗಳನ್ನು ಸಮದೂರದಲ್ಲಿ ಹಿಡಿಯುವ ಬಾಚಣಿಗೆ. ಆಕೆಯ ಕಣ್ಣು ಹುಟ್ಟಿನಿಂದ ನೋಡಿದ್ದು ಸಮದೂರವನ್ನು. ಪಿಟೀಲಿನ ಸ್ವರಗಳು ಸಮದೂರದಲ್ಲಿ ಇರುವುದಿಲ್ಲ. ಗಾಂಧಾರ ಮಧ್ಯಮಕ್ಕೆ ಒತ್ತಿಕೊಂಡೇ ಇರಬೇಕು. ಅದನ್ನು ಆಕೆಗೆ ಹೇಳುವವರು ಯಾರು?

“ಚಿಕ್ಕವ್ವ ಏನಂದ್ಲು?”

“ಏನಂತಾರೆ? ತಗಂಡು ಹೋದ್ರು. ನಾನು ಮಗ್ಗದಾಗೆ ಕುಂತಿದ್ದೆ. ಒಂದ್ಸಲ ನುಡಿಸಿದ್ರು, ನಿಲ್ಲಿಸಿದ್ರು. ಮತ್ತೆ ನುಡಿಸಿದ್ರು, ಮತ್ತೆ ನಿಲ್ಲಿಸಿದ್ರು. ನನಗೇ ಅನುಮಾನ ಬಂತು. ಸರಿ ಐತೇನ್ರಿ ಅಮ್ಮಯ್ಯಾ, ಅಂತ ಸಂದಿನಾಗಿಂದ ಕೂಗಿದೆ. ಸುಮ್ನಿದ್ರು. ಆಮ್ಯಾಲೆ, ಸರಿ ಐತೆ ಕಣೆ, ನೀನು ಕಟ್ಟಿದ್ದು ಜಾರಂಗಿಲ್ಲ ಬಿಡು, ಅಂದ್ರು.” ಆಕೆ ದಾರವನ್ನು ಮತ್ತೊಮ್ಮೆ ಮೀಟಿದಳು. “ನೋಡು, ಜಾರಿಲ್ಲ.”

ಆಕೆ ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಚಿಕ್ಕವ್ವ ಸರಿಯಾದ ಗಾಂಧಾರವನ್ನು ಒಂದು ಬೇಸಿಗೆ ಪೂರ್ತಿ ನುಡಿಸಿದ್ದಳು. ಅವಳಿಗೆ ಗೊತ್ತಿತ್ತು. ನಿಲ್ಲಿಸಿ ನಿಲ್ಲಿಸಿ ನೋಡಿದ್ದು ಅದಕ್ಕೇ. ಒಂದು ಕಾಳಿನಷ್ಟು ದಾರ ಸರಿಸಿದ್ದರೆ ಮುಗಿಯುತ್ತಿತ್ತು. ಆದರೆ ಮನೆಯವರ ಹೊರತು ಅವಳ ಪಿಟೀಲನ್ನು ದಿನವೂ ಕೇಳುತ್ತಿದ್ದವಳು ಈ ಲೋಕದಲ್ಲಿ ಒಬ್ಬಳೇ, ಮತ್ತು ಆ ಒಬ್ಬಳು ಸರಿ ಐತೇನ್ರಿ ಎಂದು ಕೇಳಿದ್ದಳು. ಮೊದಲ ದಿನ ಆಕೆಯ ಮನಸ್ಸು ನೋಯದಿರಲೆಂದು ಬೆರಳನ್ನು ಅಲ್ಲಿಟ್ಟಿರಬೇಕು. ಮರ ಸವೆಯುವ ತನಕ ಅದೇ ಕಾರಣ ಉಳಿದಿರಲಾರದು. ಯಾವ ದಿನದಿಂದ ಅದು ಅವಳದೇ ಆಯಿತೋ ನನಗೆ ತಿಳಿಯುವ ದಾರಿಯಿಲ್ಲ. ಅವಳ ದುಃಖವೆಂದು ನಾನು ಕಾಪಾಡಿಕೊಂಡಿದ್ದ ಸ್ವರ ಒಂದು ದಾಕ್ಷಿಣ್ಯದ ಮಾತಿನಿಂದ ಹುಟ್ಟಿತ್ತು.

ಸಂಜೆ ಅಜ್ಜಿ ಒಲೆಯ ಮುಂದೆ ರೊಟ್ಟಿ ತಟ್ಟುವಾಗ ಕೇಳಿದೆ.

“ಅಜ್ಜಿ, ಚಿಕ್ಕವ್ವ ಪಿಟೀಲು ಇಲ್ಲದಾಗ ಹಾಡ್ಕೊಳ್ತಿದ್ಲಾ?”

“ಯಾವಾಗ್ಲೂ. ಇಲ್ಲೇ ಕುಂತು, ರೊಟ್ಟಿ ಸುಟ್ಟು ಕರೀಕಾಗೋ ತನಕ ಹಾಡೋಳು. ಆದ್ರೆ ಬಾಯಾಗೆ ಒಂಥರ, ಪೆಟ್ಟಿಗೇನಾಗೆ ಒಂಥರ. ಯಾಕೆ ಹಂಗೆ ಅಂದ್ರೆ ಸುಮ್ನೆ ನಗೋಳು.”

“ಬಾಯಾಗೆ ಹೆಂಗೆ?”

ಅಜ್ಜಿಗೆ ಸಂಗೀತ ಬರುವುದಿಲ್ಲ. ಆದರೆ ಮಗಳು ಅಷ್ಟು ವರ್ಷ ಪಕ್ಕದಲ್ಲಿ ಕೂತು ಹಾಡಿದ್ದು ಕಿವಿಯಲ್ಲಿ ಉಳಿದಿತ್ತು. ಹಿಟ್ಟಿನ ಕೈಯನ್ನು ಹಾಗೇ ಹಿಡಿದು, ಒಡಕು ದನಿಯಲ್ಲಿ ಸರಿಗಮ ಎಂದು ಏರಿದಳು. ಗಾಂಧಾರ ಮೇಲಕ್ಕೆ ಹೋಗಿ ಮಧ್ಯಮದ ಮಗ್ಗುಲಲ್ಲಿ ನಿಂತಿತು. ಮೇಷ್ಟ್ರು ಬೆರಳಿಟ್ಟು ತೋರಿಸಿದ ಜಾಗ ಅದೇ.

ಅವ್ವ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ಹೂಂ” ಎಂದಳು, ಅಜ್ಜಿಯನ್ನೇ ನೋಡುತ್ತ. “ಹೂಂ. ಹಂಗೇ ಹಾಡ್ತಿದ್ಲು. ಮೊದ್ಲಿಂದ್ಲೂ. ನಾನು ಮರ್ತೇಬಿಟ್ಟಿದ್ದೆ.”

ಅಜ್ಜಿ ಇನ್ನೊಂದು ಸಲ ಹಾಡಿದಳು, ಯಾರೂ ಕೇಳದಿದ್ದರೂ. ಹೆಂಚಿನ ಮೇಲೆ ರೊಟ್ಟಿ ಕರಕಲಾಯಿತು. ಒಲೆಯ ಬೆಳಕಿನಲ್ಲಿ ನಾವು ಮೂವರು ಕೂತಿದ್ದೆವು. ನನ್ನ ಕಿವಿಗೆ ನಾಲ್ವರ ಉಸಿರು ಕೇಳಿಸುತ್ತಿತ್ತು. ನಾನು ಆಗಲೂ ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ, ಆಚೆ ಮಗ್ಗ ಶುರುವಾಗುವ ಮುಂಚೆ, ನಾನು ಪಿಟೀಲನ್ನು ಹಿಡಿದು ಪಕ್ಕದ ಮನೆಗೆ ಹೋದೆ. ಆಕೆ ಮಗ್ಗದ ಗುಂಡಿಗೆ ಕಾಲಿಳಿಸುತ್ತಿದ್ದಳು.

“ಈ ಗಂಟು ನನಗೆ ಬಿಚ್ಚೋಕೆ ಬರ್ತಿಲ್ಲ. ನೀವೇ ಬಿಚ್ಚಿಕೊಡಿ.”

“ಯಾಕಮ್ಮಾಯಿ, ಸರಿ ಇಲ್ವಾ?”

ಅದೇ ಪ್ರಶ್ನೆ. ಚಿಕ್ಕವ್ವನಂತೆ ನಾನೂ ಸ್ವಲ್ಪ ಹೊತ್ತು ಸುಮ್ಮನಿದ್ದೆ.

“ಬೆರಳು ಕಲಿತಾಯ್ತು. ಇನ್ನು ದಾರ ಬೇಡ ಅಂದಿದಾರೆ ಮೇಷ್ಟ್ರು.”

“ಹಂಗಾ! ಅಮ್ಮಯ್ಯಂಗಿಂತ ಬೇಗ ಕಲಿತುಬಿಟ್ಟೆ ಬಿಡು” ಎಂದು ಪಿಟೀಲನ್ನು ಮಡಿಲಿಗೆ ತೆಗೆದುಕೊಂಡಳು. ಉಗುರಿಗೆ ಗಂಟು ಸಿಗಲಿಲ್ಲ. “ನನ್ನ ಗಂಟು ನನಗೇ ಸತಾಯಿಸ್ತೈತೆ ನೋಡು” ಎನ್ನುತ್ತ ಬಗ್ಗಿ ಹಲ್ಲಿನಿಂದ ಕಚ್ಚಿದಳು. ದಾರ ಬಿಚ್ಚಿಕೊಂಡಿತು. ಅದನ್ನು ಬೆರಳಿಗೆ ಸುತ್ತಿ, ಎಳೆದು ನೋಡಿ, “ಇನ್ನೂ ಗಟ್ಟಿ ಐತೆ” ಎಂದು ಮೊಳೆಗೆ ತೂಗುಹಾಕಿದ್ದ ಬಣ್ಣದ ಎಳೆಗಳ ಜೊತೆಗೆ ಸೇರಿಸಿದಳು.

ನಾನು ಹಿಂದಿನ ಕೋಣೆಗೆ ಬಂದು ಕೂತೆ. ಎಣ್ಣೆಯ ಕಲೆಗೆ ತಲೆ ತಾಗದಂತೆ ಸ್ವಲ್ಪ ಮುಂದೆ ಕೂತೆ. ಶ್ರುತಿ ಮಾಡಿದೆ. ಗಾಂಧಾರಕ್ಕೆ ಬಂದಾಗ ಬೆರಳು ತಗ್ಗಿಗೇ ಹೋಯಿತು; ಕಮಾನನ್ನು ತಂತಿಯಿಂದ ಎತ್ತಿದೆ. ಮತ್ತೆ ಮೊದಲಿನಿಂದ. ಮತ್ತೆ ತಗ್ಗಿಗೆ ಹೋಯಿತು, ಎತ್ತಿದೆ. ಆಮೇಲೆ ಪಿಟೀಲನ್ನು ತೊಡೆಯ ಮೇಲಿಟ್ಟು, ಅಜ್ಜಿ ಹಾಡಿದಂತೆ ಬಾಯಲ್ಲಿ ಒಂದು ಸಲ ಹೇಳಿಕೊಂಡು, ಮತ್ತೆ ಎತ್ತಿಕೊಂಡು ನುಡಿಸಿದೆ. ಬೆರಳು ತಗ್ಗನ್ನು ದಾಟಿ ಮುಂದೆ ನಿಂತಿತು. ಮುಟ್ಟದ ತಂತಿಗಳು ಮಿಡಿದವು.

ಅವ್ವ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಅಲ್ಲಿಂದ ಹೋಗಲಿಲ್ಲ. ಗೋಡೆಯಾಚೆ ಮಗ್ಗ ಶುರುವಾಯಿತು. ನನ್ನ ಗಾಂಧಾರಕ್ಕೆ ಅದು ಒಮ್ಮೆ ನಿಧಾನವಾಯಿತು, ಆಮೇಲೆ ತನ್ನ ಓಟಕ್ಕೆ ಮರಳಿತು. ನಾನು ಇನ್ನೂ ಸ್ವಲ್ಪ ಹೊತ್ತು ನುಡಿಸಿದೆ. ಬೆರಳು ದಣಿದು ಹಿಂದಕ್ಕೆ ಜಾರುತ್ತಿದೆ ಎಂದು ತಿಳಿದಾಗ ಕಮಾನಿನ ಕೂದಲನ್ನು ಸಡಿಲಿಸಿ, ಪಿಟೀಲನ್ನು ಒರೆಸಿ, ಪೆಟ್ಟಿಗೆ ಮುಚ್ಚಿದೆ. ಆಚೆ ಮಗ್ಗ ಇನ್ನೂ ನಡೆಯುತ್ತಿತ್ತು.